ಕತ್ತಿಗೆ ಎರೆದ ನೀರು

ಶೇಡಬಾಳದ ತವನಪ್ಪನಿಗೆ ಅಪ್ಪನ ಕಾಲಾನಂತರ ಹೊಲ ಬಂತು, ಮನೆ ಬಂತು, ಜೊತೆಗೆ ಒಂದು ಕತ್ತಿಯೂ ಬಂತು. ಹೊಲ ಮನೆಗಳನ್ನು ಎರಡೂ ಕೈ ಚಾಚಿ ತೆಗೆದುಕೊಂಡವನು ಕತ್ತಿಯ ವಿಷಯಕ್ಕೆ ಮಾತ್ರ ಕಿವಿ ಕೇಳಿಸದವನಂತೆ ಇದ್ದುಬಿಟ್ಟ. ಒಬ್ಬನೇ ಗಂಡುಮಗ, ಅವನು ಬೇಡವೆಂದರೆ ಅದನ್ನು ಒಯ್ಯುವವರು ಯಾರು? ದೇವರ ಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ, ಕೆಂಪು ಬಟ್ಟೆ ಸುತ್ತಿಕೊಂಡು, ಗೂಟಕ್ಕೆ ಅದು ತೂಗಿದಲ್ಲೇ ತೂಗುತ್ತಿತ್ತು.

ತವನಪ್ಪ ಅಂಜುಬುರುಕನೇನಲ್ಲ. ಹರೆಯದಿಂದ ನಿವೃತ್ತಿಯ ತನಕ ಸಕ್ಕರೆ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ದುಡಿದವನು. ಕಬ್ಬು ಅರೆಯುವ ರೋಲರುಗಳ ನಡುವೆ ಒಂದು ಬೆರಳಿನ ತುದಿ ಬಿಟ್ಟುಬಂದವನು. ಮಾತು ಕಡಿಮೆ, ಸಿಟ್ಟು ಇನ್ನೂ ಕಡಿಮೆ. ಬಿಗಿದ ನಟ್ಟಿಗೆ ಯಾರಾದರೂ ಸುತ್ತಿಗೆ ಎತ್ತಿದರೆ, "ಎಣ್ಣಿ ಬಿಟ್ಟು ಸುಮ್ಮ ಕುಂದರ್ರಿ, ತಾನ ಬರತೈತಿ" ಎನ್ನುತ್ತಿದ್ದ. ಹೆಂಡತಿ ತಾರಾಬಾಯಿಯ ಜೊತೆ ಜಟಾಪಟಿಯಾದಾಗಲೂ ಇದೇ ಉಪಾಯ ಹೂಡುತ್ತಿದ್ದ. ಆ ನಟ್ಟು ಮಾತ್ರ ಎಷ್ಟು ಕಾದರೂ ತಾನಾಗಿ ಸಡಿಲಾದದ್ದಿಲ್ಲ.

ಇಂಥವನು ಹಿಂಜರಿದದ್ದು ಕತ್ತಿಗಲ್ಲ, ಕತ್ತಿಯ ಮೇಲಿನ ಕಲೆಗೆ.

ಅದು ಸೈನ್ಯದ ಕತ್ತಿ. ಉದ್ದಕ್ಕೆ ನೇರವಾದ ಅಲಗು, ಬೆರಳುಗಳನ್ನು ಕಾಯುವ ಬುಟ್ಟಿಯಂಥ ಹಿಡಿ. ಈ ಕಡೆಯ ಹಳಬರು ಅದಕ್ಕೆ ಧೋಪ ಅನ್ನುತ್ತಾರೆ. ತವನಪ್ಪನ ಮುತ್ತಜ್ಜನ ಅಪ್ಪ ಆದಗೊಂಡ, ಸಂಸ್ಥಾನದ ಕುದುರೆ ಪಡೆಯಲ್ಲಿ ಸವಾರನಾಗಿದ್ದಾಗ ಸೊಂಟಕ್ಕೆ ಕಟ್ಟುತ್ತಿದ್ದದ್ದು. ಇರುವೆಗೂ ದಾರಿ ಬಿಟ್ಟು ನಡೆಯುವ ಜೈನರ ಮನೆಯಲ್ಲಿ ಕತ್ತಿಯೇ ಎಂದು ಹುಬ್ಬೇರಿಸುವವರಿದ್ದಾರೆ. ಹುಬ್ಬೇರಿಸಲಿ. ಬರ ಬಿದ್ದ ವರ್ಷ ಸಂಬಳ ಕೊಡುವ ಕೆಲಸ ಯಾವುದಿತ್ತೋ ಅದಕ್ಕೆ ಆದಗೊಂಡ ಸೇರಿದ, ಅಷ್ಟೇ.

ಒಂದು ಸಂಜೆ ಸತ್ತಿ ಎಂಬ ಊರಿನ ಹತ್ತಿರ, ಕೃಷ್ಣೆಯ ದಂಡೆಯಲ್ಲಿ ಅವನು ಸರಕಾರಿ ಬಂಡಿಯ ಕಾವಲಿಗೆ ಹೊರಟಿದ್ದನಂತೆ. ದಂಡೆಯ ಆಳೆತ್ತರದ ಜೇಕು ಹುಲ್ಲಿನ ಹಿಂದಿನಿಂದ ಒಬ್ಬ ಮನುಷ್ಯ ಧಡಕ್ಕನೆ ಎದ್ದು ಬಂದ. ಕಳ್ಳನೆಂದು ತಿಳಿದು ಆದಗೊಂಡ ಕುದುರೆಯ ಮೇಲಿಂದಲೇ ಕತ್ತಿ ಬೀಸಿದ. ಬಿದ್ದವನ ಕೈಯಲ್ಲಿ ಏನೂ ಇರಲಿಲ್ಲ. "ನೀರ ಕೊಡೋ" ಅಂದ. ಕೂಗಳತೆಯಲ್ಲಿ ಅಷ್ಟು ದೊಡ್ಡ ಹೊಳೆ ಹರಿಯುತ್ತಿತ್ತು. ಆದರೆ ಬಂಡಿ ಮುಂದೆ ಹೋಗುತ್ತಿತ್ತು, ಹಿಂದಿನಿಂದ ಜಮಾದಾರ ಕೂಗುತ್ತಿದ್ದ. ಆದಗೊಂಡ ಬಂಡಿಯ ಹಿಂದೆ ಹೋದ. ಮರುದಿನ ತಿರುಗಿ ಬಂದು ನೋಡಿದರೆ ಅಲ್ಲಿ ಯಾರೂ ಇರಲಿಲ್ಲ. ಯಾವ ಊರಿನವನು, ಯಾವ ಜಾತಿಯವನು, ಹೆಸರೇನು, ಒಂದೂ ಗೊತ್ತಾಗಲಿಲ್ಲ. ಆದಗೊಂಡ ಊರಿಗೆ ಬಂದು ಕತ್ತಿ ಬಿಚ್ಚಿಟ್ಟವನು ಮತ್ತೆ ಸಂಸ್ಥಾನದ ಕಡೆ ಮುಖ ಹಾಕಲಿಲ್ಲ.

ಭಾದ್ರಪದದಲ್ಲಿ ದಶಲಕ್ಷಣ ಪರ್ವದ ಉಪವಾಸಗಳು ಮುಗಿದ ಮೇಲೆ ಜೈನರಿಗೆ ಕ್ಷಮಾವಾಣಿಯ ದಿನ ಬರುತ್ತದೆ. ಅವತ್ತು ದೊಡ್ಡವರು ಸಣ್ಣವರೆನ್ನದೆ ಎಲ್ಲರೂ ಎಲ್ಲರಿಗೂ ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುತ್ತಾರೆ. ಆದಗೊಂಡ ಆ ದಿನ ಕತ್ತಿಯನ್ನು ಒರೆಯಿಂದ ಹಿರಿದು ಮಣೆಯ ಮೇಲೆ ಮಲಗಿಸಿ, ಬಸದಿಯಿಂದ ಗಂಧೋದಕ ತರಿಸಿದ. ಗಂಧೋದಕವೆಂದರೆ ಜಿನಬಿಂಬಕ್ಕೆ ಅಭಿಷೇಕವಾಗಿ ಇಳಿದ ಪವಿತ್ರ ನೀರು. ಅದರಲ್ಲಿ ಎಳನೀರು, ಕಬ್ಬಿನ ಹಾಲು, ಹಸುವಿನ ಹಾಲು, ಗಂಧ, ಕೇಸರಿ ಎಲ್ಲಾ ಬೆರೆತಿರುತ್ತದೆ. ಅದನ್ನು ಅಲಗಿನ ಮೇಲೆ ಎರೆದು, ಅವತ್ತು ನೀರು ಕೊಡಲಿಲ್ಲ, ಇವತ್ತು ತೆಗೆದುಕೋ, ಕ್ಷಮಿಸು ಎಂದು ಕೈಮುಗಿದ. ಪವಿತ್ರ ನೀರನ್ನು ಬಟ್ಟೆಯಿಂದ ಒರೆಸುವುದುಂಟೇ? ಹಸಿಯಾಗಿಯೇ ಒರೆಗೆ ಸೇರಿಸಿ ಗೂಟಕ್ಕೆ ತೂಗುಹಾಕಿದ. ಅವನ ಮಗನೂ ಹಾಗೇ ಮಾಡಿದ, ಮೊಮ್ಮಗನೂ ಹಾಗೇ ಮಾಡಿದ. ಯಾವಾಗಲೋ ಹಿಡಿಯ ಹತ್ತಿರ ಒಂದು ಕೆಂಪು ಕಲೆ ಕಂಡಿತು. ಅದು ಸತ್ತವನ ರಕ್ತ, ಅವನು ಕ್ಷಮಿಸಿದ ದಿನ ತಾನಾಗಿ ಅಳಿಸಿಹೋಗುತ್ತದೆ, ಅಲ್ಲಿಯ ತನಕ ಯಾರೂ ಅದನ್ನು ಮುಟ್ಟಬಾರದು ಎಂಬ ಮಾತು ಮನೆಯಲ್ಲಿ ಬೇರು ಬಿಟ್ಟಿತು.

ಪಕ್ಕದ ಮನೆಯ ರಾವಸಾಹೇಬರದು ದ್ರಾಕ್ಷಿ ತೋಟದವರ ಮನೆತನ. ಅವರಲ್ಲೂ ಇಂಥದೇ ಒಂದು ಹಳೆಯ ಕತ್ತಿ ಇತ್ತು. ಪ್ರತಿ ಖಂಡೇನವಮಿಯ ಆಯುಧಪೂಜೆಗೆ ಹೊರಗೆ ಬಂದು, ಕುಂಕುಮ ಹಚ್ಚಿಸಿಕೊಂಡು, ಮೈತುಂಬಾ ಎಣ್ಣೆ ಬಳಿಸಿಕೊಂಡು ಒಳಗೆ ಹೋಗುತ್ತಿತ್ತು. ಮುಖ ನೋಡಿಕೊಳ್ಳುವಷ್ಟು ಥಳಥಳ. ತವನಪ್ಪನ ಅಪ್ಪ ಪಾಯಗೊಂಡ ಅದನ್ನು ನೋಡಿ ಬಂದು, "ಅವರ ಕತ್ತಿಗಿ ಏನೂ ಇಲ್ಲ. ನಮ್ಮದಕ್ಕಷ್ಟ ಕಲಿ ಐತಿ. ಅಂದ್ರ ಇದು ಪಾಪದ್ದ" ಎಂದು ಪ್ರತಿ ವರ್ಷ ನಿಟ್ಟುಸಿರು ಬಿಡುತ್ತಿದ್ದ. ಅವರು ಹಾಕಿದ್ದು ಎಣ್ಣೆ, ತಾವು ಹಾಕಿದ್ದು ನೀರು ಎಂಬುದು ಆ ಮನುಷ್ಯನ ತಲೆಗೆ ಹೊಳೆಯಲಿಲ್ಲ. ಭಕ್ತಿ ಬಂದು ಕೂತ ಕಡೆ ಬುದ್ಧಿಗೆ ಮಣೆ ಹಾಕುವವರು ಕಡಿಮೆ.

ಈಗ ಸಾವಕ್ಕನ ಮಾತಿಗೆ ಬರಬೇಕು. ಬರಲು ಮನಸ್ಸಿಲ್ಲ, ಆದರೂ ಬರಬೇಕು.

ಸಾವಕ್ಕ ತವನಪ್ಪನ ಅಕ್ಕ. ಅವಳಿಗೆ ಹತ್ತೊಂಬತ್ತು ತುಂಬಿದಾಗ ಕೊಗನೊಳ್ಳಿಯಿಂದ ವರ ಬಂದಿತ್ತು. ಹುಡುಗನ ಹೆಸರು ಜಿನೇಂದ್ರ. ನೋಡಲು ಬಂದವನು ಎಲ್ಲರಂತೆ ಅಡುಗೆ, ಹಾಡು ಕೇಳದೆ, "ಸೈಕಲ್ ಹೊಡಿಯಾಕ ಬರತೈತೇನ್ರಿ?" ಎಂದು ಕೇಳಿದ್ದ. ಬರುವುದಿಲ್ಲ ಎಂದಳು. "ಕಲಿಸಿದರಾತು" ಅಂದ. ಅವನು ಹೋದ ಮೇಲೆ ಸಾವಕ್ಕ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕದ್ದನ್ನು ಹನ್ನೆರಡು ವರ್ಷದ ತವನಪ್ಪ ನೋಡಿದ್ದಾನೆ. ಅಕ್ಕ ಅಷ್ಟು ನಕ್ಕದ್ದನ್ನು ಆಮೇಲೆ ಅವನು ನೋಡಿಲ್ಲ.

ಆ ವರ್ಷ ಕ್ಷಮಾವಾಣಿಗೆ ಒರೆ ತೆಗೆದರೆ ಕಲೆ ಹಿಂದಿನ ವರ್ಷಕ್ಕಿಂತ ಅಗಲವಾಗಿತ್ತು. ಪಾಯಗೊಂಡನ ಮುಖ ಕಪ್ಪಿಟ್ಟಿತು. ಅವನಿಗೆ ಮೊದಲೇ ಎರಡು ಕೂಸು ಕೈಯಲ್ಲೇ ಹೋಗಿದ್ದವು. ಎಲ್ಲಕ್ಕೂ ಆ ಕಲೆಯೇ ಕಾರಣವೆಂದು ನಂಬಿದ್ದ. "ಅಂವ ಅಲ್ಲಿ ನೀರಡಿಸಿ ಕುಂತಾನ, ನಾವಿಲ್ಲಿ ವಾಲಗಾ ಊದಸಾಕ ಹೊಂಟೀವಿ" ಎಂದು ಊಟ ಬಿಟ್ಟ. ಮಗಳಿಗೆ ಹೀಗೆ ಮಾಡು ಎಂದು ಅವನು ಒಂದು ಮಾತೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು, ಬಯ್ಯಲು ಒಬ್ಬ ಮನುಷ್ಯನಾದರೂ ಸಿಗುತ್ತಿದ್ದ. ಸುಮ್ಮನೆ ಉಪವಾಸ ಕೂತ. ಅಪ್ಪ ಹಸಿದು ಕೂತರೆ ಮಗಳ ಗಂಟಲಲ್ಲಿ ತುತ್ತು ಇಳಿದೀತೇ? ಕಲೆ ಹೋಗುವ ತನಕ ಮದುವೆಯಾಗುವುದಿಲ್ಲ, ಬ್ರಹ್ಮಚರ್ಯ ವ್ರತದಲ್ಲಿರುತ್ತೇನೆ ಎಂದು ಸಾವಕ್ಕ ಬಸದಿಯಲ್ಲಿ ಎಲ್ಲರೆದುರು ಮಾತು ಕೊಟ್ಟಳು. ಒಂದೆರಡು ವರ್ಷದ ಮಾತು ಎಂದುಕೊಂಡಿದ್ದಳು. ಊರೆಲ್ಲ ಹೊಗಳಿತು. ತವನಪ್ಪನಿಗೆ ಆ ದಿನ ಪಾಯಸದ ಊಟ.

ಅವರವರ ಕರ್ಮ ಅವರವರಿಗೆ, ಒಬ್ಬರದನ್ನು ಇನ್ನೊಬ್ಬರು ತೊಳೆಯಲಾಗದು. ಬಸದಿಯ ಪಾಠಶಾಲೆಯಲ್ಲಿ ಮೂಗು ಒರೆಸಿಕೊಳ್ಳಲು ಬಾರದ ಕೂಸೂ ಇದನ್ನು ಬಾಯಿಪಾಠ ಒಪ್ಪಿಸುತ್ತದೆ. ಮುಂದೆ ಆ ಪಾಠ ಹೇಳಿಕೊಟ್ಟವಳು ಸಾವಕ್ಕನೇ. ಉಪ್ಪು ತಿಂದವನು ನೀರು ಕುಡಿಯಬೇಕು ಅನ್ನುತ್ತಾರೆ; ಈ ಮನೆಯಲ್ಲಿ ಉಪ್ಪು ತಿಂದವನು ಎಂದೋ ಮಣ್ಣಾಗಿದ್ದ, ನೀರು ಕುಡಿದವಳು ಮಾತ್ರ ಅವಳು.

ಕಲೆ ಬೇಗ ಹೋಗಲೆಂದು ಸಾವಕ್ಕ ಗಂಧೋದಕ ಎರೆಯುವ ಕೆಲಸವನ್ನು ತಾನೇ ವಹಿಸಿಕೊಂಡಳು. ಅಪ್ಪ ಅಜ್ಜಂದಿರು ಬೆರಳದ್ದಿ ನಾಲ್ಕು ಹನಿ ಚಿಮುಕಿಸುತ್ತಿದ್ದರು. ಅವಳು ತುಂಬಿದ ತಂಬಿಗೆ ತಂದು ಧಾರೆಯಾಗಿ ಎರೆದಳು. ಮರುವರ್ಷ ಕಲೆ ಇನ್ನಷ್ಟು ಬೆಳೆದಿತ್ತು. ಕೊಗನೊಳ್ಳಿಯವರು ಒಂದು ವರ್ಷ ಕಾದರು, ಎರಡು ವರ್ಷ ಕಾದರು. ಆಮೇಲೆ ಜಿನೇಂದ್ರನ ಲಗ್ನ ಬೇರೆ ಕಡೆ ಆಯಿತು. ಸಾವಕ್ಕ ಬಿಳಿ ಸೀರೆ ಉಟ್ಟು, ಬಸದಿಯ ಪಕ್ಕದ ಎರಡು ಕೋಣೆಯ ಮನೆಗೆ ಹೋದಳು. ಹಗಲೂಟ, ಕಾಯಿಸಿ ಆರಿಸಿದ ನೀರು, ಪೂಜೆಯ ಅಕ್ಕಿ ಹಸನು ಮಾಡುವುದು, ಮಕ್ಕಳಿಗೆ ಪಾಠ. ತಮ್ಮನ ಮದುವೆಯಲ್ಲಿ ಅವಳೇ ಓಡಾಡಿ ಎಲ್ಲರಿಗೂ ಬಡಿಸಿದಳು. ವರ್ಷಕ್ಕೊಮ್ಮೆ ತಂಬಿಗೆ ಹಿಡಿದು ತವರಿಗೆ ಬಂದು ಎರೆದು, ಕಲೆ ನೋಡಿ ತಿರುಗಿ ಹೋಗುತ್ತಿದ್ದಳು. ಹೀಗೆ ಅವಳ ಕೂದಲು ಬೆಳ್ಳಗಾಯಿತು.

ಮಾಘದಲ್ಲಿ ಪಾಯಗೊಂಡ ತೀರಿಕೊಂಡ. ಸಾಯುವ ಮೊದಲು ಅವನಾಡಿದ ಕೊನೆಯ ಮಾತು, "ಕಲಿ ಹೋಗಲಿಲ್ಲೋ" ಎಂಬುದು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ತವನಪ್ಪ ಮನಸ್ಸು ಗಟ್ಟಿ ಮಾಡಿ ಕೆಂಪು ಬಟ್ಟೆ ಬಿಚ್ಚಿದ. ಕ್ಷಮಾವಾಣಿ ಹತ್ತಿರ ಬರುತ್ತಿತ್ತು, ಈ ಸಲ ಅಪ್ಪನ ಬದಲಿಗೆ ಕತ್ತಿಯೆದುರು ಕೂಡಬೇಕಾದವನು ಅವನೇ. ಹಿಡಿ ಹಿಡಿದು ಜಗ್ಗಿದರೆ ಕತ್ತಿ ಒರೆಯಿಂದ ಹೊರಗೆ ಬರಲೊಲ್ಲದು. ಜೋರು ಮಾಡಲಿಲ್ಲ. ಹೊಲಿಗೆ ಯಂತ್ರದ ತೆಳು ಎಣ್ಣೆಯನ್ನು ಒರೆಯ ಬಾಯಿಗೆ ಬಿಟ್ಟು, ಅದು ಒಳಗೆ ಇಳಿಯುವ ತನಕ ಪಡಸಾಲೆಯಲ್ಲಿ ಕೂತ. ಮಧ್ಯಾಹ್ನದ ಹೊತ್ತಿಗೆ ಅಲಗು ಕರಕರ ಸದ್ದು ಮಾಡುತ್ತಾ ಬಂತು. ಅದರ ಜೊತೆಗೆ ಕೆಂಪು ಪುಡಿ ಅವನ ಮಡಿಲ ತುಂಬಾ ಉದುರಿತು.

ಬಿಸಿಲಿಗೆ ಹಿಡಿದು ನೋಡಿದ. ಹಿಡಿಯ ಹತ್ತಿರ, ಕಲೆ ಇದ್ದ ಜಾಗದಲ್ಲಿ ಅಲಗು ತಿಂದುಹೋಗಿ ಕಾಗದದಷ್ಟು ತೆಳ್ಳಗಾಗಿತ್ತು. ಒಂದು ಕಡೆ ಸಣ್ಣ ತೂತು ಬಿದ್ದು ಅದರೊಳಗಿಂದ ಬೆಳಕು ಕಾಣುತ್ತಿತ್ತು. ಹೀಗೇ ಬಿಟ್ಟರೆ ಕತ್ತಿ ಎರಡು ತುಂಡಾಗುವುದು ಖಂಡಿತ. ಕ್ಷಮೆ ಸಿಗುವ ಮೊದಲೇ ಕತ್ತಿ ಮುರಿದರೆ ಅಕ್ಕನ ಗತಿ ಏನು? ಕಲೆಯನ್ನು ಮುಟ್ಟುವುದು ಬೇಡ, ಅದರ ಸುತ್ತಲಿನದನ್ನಾದರೂ ಉಳಿಸಿಕೊಳ್ಳೋಣ ಎಂದು ಕೆಲಸಕ್ಕೆ ಕೂತ.

ಮೊದಲು ಒರೆ. ಕಟ್ಟಿಗೆಯ ಒರೆಯೊಳಗೆ ಬೆಳ್ಳಿಹುಳಗಳು ಮನೆ ಮಾಡಿದ್ದವು. ತವನಪ್ಪ ಜೈನನಲ್ಲವೇ, ಝಾಡಿಸಿ ಕೊಲ್ಲುವ ಹಾಗಿಲ್ಲ. ಒರೆಯನ್ನು ಓರೆಯಾಗಿ ನೆರಳಿಗಿಟ್ಟು, ನವಿಲುಗರಿಯಿಂದ ಒಂದೊಂದನ್ನೇ ಹೊರಗೆ ಕರೆದು ಗೋಡೆಯ ಬುಡಕ್ಕೆ ಬಿಟ್ಟ. ತಾರಾಬಾಯಿ ಹಿತ್ತಾಳೆ ಪಾತ್ರೆಗೆ ಹಚ್ಚುವ ಹುಣಸೆಹಣ್ಣು, ಬೂದಿ ತಂದಿಟ್ಟಳು. "ಬ್ಯಾಡ. ಹುಳಿ ತಾಗಿದ್ರ ಕಬ್ಬಿಣಾ ಮತ್ತಷ್ಟ ತಿಂತೈತಿ" ಎಂದು ತಿರುಗಿ ಕಳಿಸಿದ. ಉಸುಕಿನ ಕಾಗದವೂ ಬೇಡ. ಅದು ತುಕ್ಕಿನ ಜೊತೆ ಒಳ್ಳೆಯ ಉಕ್ಕನ್ನೂ ಕೆರೆದು ಒಯ್ಯುತ್ತದೆ. ಬೆವರು ತಾಗಬಾರದೆಂದು ಕೈಗೆ ನೂಲಿನ ಗವಸು ತೊಟ್ಟ. ಎಣ್ಣೆ ಹಚ್ಚುವುದು, ಕಾಯುವುದು, ಬಿದಿರಿನ ಚಕ್ಕೆಯಿಂದ ಸಡಿಲಾದಷ್ಟನ್ನೇ ಎಬ್ಬಿಸುವುದು, ಹಳೆಯ ಧೋತರದ ಚೂರಿನಿಂದ ಒರೆಸುವುದು, ಮತ್ತೆ ಎಣ್ಣೆ ಹಚ್ಚುವುದು. ಮಳೆ ಬಂದ ದಿನ ಕೆಲಸ ನಿಲ್ಲಿಸಿದ, ಬಿಸಿಲು ಬಿದ್ದ ದಿನ ಕೂತ. ತುದಿಯ ಕಡೆಯಿಂದ ಕಪ್ಪು ಮಿಂಚಿನ ಹಳೆಯ ಉಕ್ಕು ಮೆಲ್ಲಗೆ ಮೇಲೆದ್ದು ಬಂತು. ಅದನ್ನು ನೋಡಿ ಅವನಿಗೆ ಸಂತೋಷವಾಯಿತು, ಸಂತೋಷವಾದದ್ದಕ್ಕೆ ನಾಚಿಕೆಯೂ ಆಯಿತು. ಮನುಷ್ಯನನ್ನು ಕಡಿದ ಕಬ್ಬಿಣ ಅದು.

ಹಾಗೆ ಅಂದುಕೊಂಡ ಕೂಡಲೇ ಅವನ ಕೈ ನಿಂತಿತು. ಕುದುರೆಯ ಮೇಲಿಂದ ಕತ್ತಿ ಬೀಸಿದರೆ ಏಟು ಬೀಳುವುದು ಮುಂದಿನ ಅರ್ಧದಿಂದ. ಆ ಮುಂದಿನ ಅರ್ಧ ಶುದ್ಧವಾಗಿತ್ತು. ಕಲೆ ಇದ್ದದ್ದು ಹಿಡಿಯ ಹತ್ತಿರ, ಅಕ್ಕ ತಂಬಿಗೆ ಬಗ್ಗಿಸುವ ಜಾಗದಲ್ಲಿ.

ತವನಪ್ಪ ಕಲೆಯನ್ನು ಮುಟ್ಟಲಿಲ್ಲ. ಕಣ್ಣು ಹತ್ತಿರ ಒಯ್ದು ನೋಡಿದ. ಗುಂಡುಗುಂಡಾದ ಕುಳಿಗಳು, ಒಂದೊಂದರ ಸುತ್ತ ಒಂದು ಬಳೆ. ಹನಿ ಬಿದ್ದು, ನಿಂತು, ಆರಿದ ಗುರುತು. ಇದನ್ನು ಅವನು ಜೀವಮಾನವೆಲ್ಲಾ ನೋಡಿದ್ದ. ಕಾರ್ಖಾನೆಯಲ್ಲಿ ಸೋರುವ ಕೊಳವೆಯಿಂದ ಕಬ್ಬಿನ ಹಾಲು ತೊಟ್ಟಿಕ್ಕಿದ ಕಡೆ ಉಕ್ಕಿನ ತಗಡು ಹೀಗೇ ಕುಳಿ ಬೀಳುತ್ತಿತ್ತು. ಹಾಲಿನ ಸಿಹಿ ಹುಳಿಯಾಗುತ್ತದೆ, ಹುಳಿ ಕಬ್ಬಿಣವನ್ನು ತಿನ್ನುತ್ತದೆ. ಅದರೊಂದಿಗೆ ಬಡಿದಾಡುವುದಕ್ಕೇ ಅವನಿಗೆ ಸಂಬಳ ಕೊಡುತ್ತಿದ್ದರು. ಎಣ್ಣೆಗೆ ಸಡಿಲಾಗಿ ಕಲೆಯ ಒಂದು ಹೊಪ್ಪಳಿಕೆ ತಾನಾಗಿಯೇ ಎದ್ದು ಬಂತು. ಅದರ ಕೆಳಮೈಗೆ ಹಳದಿ ಅಂಟಿತ್ತು. ಮೂಗಿಗೆ ಹಿಡಿದ. ಗಂಧದ ವಾಸನೆ. ರಕ್ತದ ಮೇಲೆ ಗಂಧ ಬಿದ್ದದ್ದಲ್ಲ, ಉಕ್ಕಿನ ಮೈಗೆ ಮೊದಲು ತಾಗಿದ್ದೇ ಗಂಧ. ತುಕ್ಕು ಹುಟ್ಟಿದ್ದು ಆಮೇಲೆ. ಅಲ್ಲಿ ಯಾರ ರಕ್ತವೂ ಎಂದೂ ಇರಲಿಲ್ಲ.

ತವನಪ್ಪ ಕತ್ತಿಯನ್ನು ಮಣೆಯ ಮೇಲಿಟ್ಟು ಎದ್ದುಹೋಗಿ ಬಚ್ಚಲಲ್ಲಿ ಮುಖ ತೊಳೆದುಕೊಂಡ. ಮತ್ತೆ ತೊಳೆದುಕೊಂಡ. ಅಳು ನಿಲ್ಲಲಿಲ್ಲ.

ತಾರಾಬಾಯಿ ಎಲ್ಲಾ ಕೇಳಿದಳು. ಅವಳಿಗೆ ನಾದಿನಿಯ ಮೇಲೆ ಜೀವ. ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ, ತಾನು ಉಟ್ಟ ಬಣ್ಣದ ಸೀರೆಯನ್ನು ಸಾವಕ್ಕ ಮುಟ್ಟಿ ನೋಡುವುದನ್ನು ಕಂಡು ಮರುಗಿದವಳು.

"ಅಕ್ಕಗ ಇದನ್ನ ಹೇಳಬ್ಯಾಡ್ರಿ," ಎಂದಳು. "ಪೂರಾ ಹಸನ ಮಾಡ್ರಿ. ಕಲಿ ಹೋಗೇತಿ, ಅಂವ ಕ್ಷಮಾ ಮಾಡ್ಯಾನ ಅನ್ರಿ. ತನ್ನ ವ್ರತಾ ಫಲಾ ಕೊಟ್ಟೈತಿ ಅಂತ ಸಮಾಧಾನ ಆಗತೈತಿ. ಇನ್ನೆಷ್ಟ ದಿನಾ ಇರತಾಳ?"

"ಸುಳ್ಳ ಹೇಳಬೇಕೇನ?"

"ಖರೇ ಹೇಳಿ ಯಾರಿಗಿ ಉಪಕಾರ ಮಾಡಾವ್ರ ನೀವು? ಹೋದ ವಯಸ್ಸ ತಿರಿಗಿ ಬರತೈತೇನ?"

ಹೆಂಡತಿ ಹೇಳಿದ್ದರಲ್ಲಿ ತಪ್ಪೇನಿದೆ? ಒಂದು ಸುಳ್ಳಿನಿಂದ ಅಕ್ಕನ ಬಾಳಿಗೊಂದು ಅರ್ಥ ಬರುವುದಾದರೆ ಆ ಸುಳ್ಳಿನ ಕರ್ಮ ತನಗೇ ಅಂಟಲಿ ಎಂದುಕೊಂಡ ತವನಪ್ಪ. ಕಲೆಯ ಮೇಲಿನ ತುಕ್ಕನ್ನೂ ತೆಗೆದ. ಕುಳಿಗಳು ಕಪ್ಪು ಚುಕ್ಕೆಗಳಾಗಿ ಉಳಿದವು, ಕೆಂಪು ಮಾತ್ರ ಪೂರ್ತಿ ಹೋಯಿತು. ಮೇಲೆ ಹಚ್ಚಲು ಜೇನುಮೇಣ ಒಳ್ಳೆಯದೆಂದು ಯಾರೋ ಹೇಳಿದರು; ಹುಳದ ಮನೆ ಮುರಿದು ತೆಗೆದದ್ದು ಬೇಡವೆಂದು ಎಣ್ಣೆಯನ್ನೇ ತೆಳ್ಳಗೆ ಸವರಿದ. ಒರೆಗೆ ಮತ್ತೆ ಹಾಕಲಿಲ್ಲ, ಒಣಗಿದ ಹತ್ತಿಯ ಬಟ್ಟೆಯಲ್ಲಿ ಸುತ್ತಿಟ್ಟ.

ಕ್ಷಮಾವಾಣಿಯ ದಿನ ಬೆಳಿಗ್ಗೆ ಸಾವಕ್ಕ ಬಂದಳು. ಎಪ್ಪತ್ತರ ಹತ್ತಿರದ ಹೆಂಗಸು, ಬಿಳಿ ಸೀರೆ, ಎರಡೂ ಕೈಯಲ್ಲಿ ಹಿಡಿದ ತಂಬಿಗೆ. ಕಾಲು ನೋವಿದ್ದರೂ ಒಂದು ಹನಿ ತುಳುಕದಂತೆ ನಡೆದು ಬಂದಿದ್ದಳು. ಮಣೆಯ ಮೇಲೆ ಮಲಗಿದ್ದ ಕತ್ತಿ ನೋಡಿ ಹೊಸ್ತಿಲಲ್ಲೇ ನಿಂತಳು.

"ತವನ್ಯಾ, ಕಲಿ ಎಲ್ಲೈತೋ?"

ತಾರಾಬಾಯಿ ಮುಂದೆ ಬಂದು, "ಹೋಗೇತ್ರಿ ಅಕ್ಕಾ," ಎಂದಳು. "ನಿಮ್ಮ ವ್ರತಾ ಫಲಾ ಕೊಡ್ತು."

ಸಾವಕ್ಕ ಮೆಲ್ಲಗೆ ಕೂತಳು. ಅವಳ ಮುಖದಲ್ಲಿ ಹತ್ತೊಂಬತ್ತರ ಹುಡುಗಿಯೊಬ್ಬಳು ಒಮ್ಮೆ ಬಂದು ಹೋದಳು. ಕೈಮುಗಿದು, ಕಣ್ಣು ಮುಚ್ಚಿ, ಆ ಸತ್ತವನೊಡನೆಯೇ ಎಂಬಂತೆ ಮಾತಾಡತೊಡಗಿದಳು.

"ಕಡೀಕ ಮನಸ ಕರಗಿತಪ್ಪಾ ನಿಂದು. ತಪ್ಪ ನಂದ ಇತ್ತು. ನೀರ ಹಾಕೂವಾಗ ಬಾಯಿಲೆ ಕ್ಷಮಾ ಅಂತಿದ್ದೆ, ಮನಸಿನ್ಯಾಗ ಲಗ್ನದ ಆಸೆ ಇತ್ತು. ಲಗೂನ ಕಲಿ ಹೋಗಲಿ, ನಾ ಕೊಗನೊಳ್ಳಿಗಿ ಹೋಗಬೇಕು ಅಂತಿದ್ದೆ. ಅದಕ್ಕ ನೀ ಸಿಟ್ಟಾದಿ. ಅದಕ್ಕ ಕಲಿ ಬೆಳೀತು. ಅಪ್ಪ ಹಂಗ ಕೊರಗಿ ಸತ್ತದ್ದೂ ನನ್ನಿಂದನ."

ತಾರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಷ್ಟು ವರ್ಷ ಅಕ್ಕ ಸತ್ತವನ ಭಾರ ಹೊತ್ತಿದ್ದಾಳೆ ಅಂತ ತವನಪ್ಪ ತಿಳಿದಿದ್ದ. ಅವಳು ಹೊತ್ತದ್ದು ತನ್ನದೇ ಹರೆಯದ ಒಂದು ಆಸೆಯ ಭಾರ. ಈಗ ಸುಳ್ಳು ಹೇಳಿ ಸುಮ್ಮನಾದರೆ ಆ ತಪ್ಪು ಅವಳ ತಲೆಯ ಮೇಲೆಯೇ ಉಳಿಯುತ್ತದೆ. ಅದನ್ನು ಹೊತ್ತುಕೊಂಡೇ ಅವಳು ಹೋಗುತ್ತಾಳೆ.

"ಇಲ್ಲಕ್ಕಾ," ಎಂದ. "ನಿಂದ ತಪ್ಪ ಇಲ್ಲ. ಅದು ರಕ್ತ ಅಲ್ಲ. ಅದು ತುಕ್ಕು. ನಾನ ತೆಗೆದೇನಿ."

ಸಾವಕ್ಕ ಕಣ್ಣು ಬಿಟ್ಟಳು. ತವನಪ್ಪ ಎಲ್ಲವನ್ನೂ ಹೇಳಿದ. ಕುಳಿಗಳನ್ನು ತೋರಿಸಿದ, ಮುಂದಿನ ಅರ್ಧವನ್ನು ತೋರಿಸಿದ, ಕಾಗದದಲ್ಲಿ ಸುತ್ತಿಟ್ಟಿದ್ದ ಹೊಪ್ಪಳಿಕೆಯನ್ನು ಅವಳ ಅಂಗೈಗೆ ಹಾಕಿದ. ಅವಳು ಅದನ್ನು ಮೂಗಿನ ಹತ್ತಿರ ಒಯ್ದಳು. ದಿನಾ ಬೆಳಗಾದರೆ ಬಸದಿಯಲ್ಲಿ ಗಂಧ ತೇಯುವವಳು. ಅವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಅಂದ್ರ, ನೀರ ಹಾಕಿದ್ದಕ್ಕ ಆದದ್ದೇನು ಇದು?"

"ಹೌದಕ್ಕಾ."

"ನಾ ತಂಬಿಗಿಗಟ್ಟಲೆ ಹಾಕತಿದ್ನೆಲ್ಲೋ."

ತವನಪ್ಪ ಹೌದೆಂದು ತಲೆಯಾಡಿಸಿದ.

"ನಾ ಹಾಕಿದಷ್ಟೂ ಬೆಳೀತು," ಎಂದಳು ಸಾವಕ್ಕ. ಅದು ಪ್ರಶ್ನೆಯಾಗಿರಲಿಲ್ಲ. ಆಮೇಲೆ, "ಒರಸಿದ್ರ ಆಗತಿತ್ತೇನು?" ಎಂದು ಕೇಳಿದಳು.

"ಆಗತಿತ್ತು. ಒಣ ಅರಿಬಿಲೆ ಒರಸಿ, ಒಂದೀಟ ಎಣ್ಣಿ ಹಚ್ಚಿದ್ರ ಸಾಕಾಗತಿತ್ತು."

ಸಾವಕ್ಕ ಹೊಪ್ಪಳಿಕೆಯನ್ನು ಮಣೆಯ ಅಂಚಿಗಿಟ್ಟು, ಕೈ ಝಾಡಿಸಿಕೊಂಡಳು. ತಂಬಿಗೆಯನ್ನು ತನ್ನ ಕಡೆ ಎಳೆದುಕೊಂಡು, ಎರಡು ಬೆರಳು ಅದ್ದಿ, ಗಂಧೋದಕವನ್ನು ತನ್ನ ಕಣ್ಣಿಗೂ ನೆತ್ತಿಗೂ ಹಚ್ಚಿಕೊಂಡಳು. ಕತ್ತಿಯ ಕಡೆ ನೋಡಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅವಳು ಅಳಲೂ ಇಲ್ಲ.

ತವನಪ್ಪನಿಗೆ ಒಂದು ಮಾತು ಆ ಕ್ಷಣದಲ್ಲಿ ತಿಳಿಯಿತು. ಈ ಮನೆ ತಲೆಮಾರುಗಳಿಂದ ಯಾರೋ ಗುರುತಿಲ್ಲದವನಿಗೆ ಕ್ಷಮೆ ಕೇಳುತ್ತಾ ಬಂದಿತ್ತು. ಕಣ್ಣೆದುರು ತಂಬಿಗೆ ಹಿಡಿದು ನಿಂತವಳಿಗೆ ಯಾರೂ ಕೇಳಿರಲಿಲ್ಲ. ಕ್ಷಮಾವಾಣಿಯ ದಿನ ವಾಡಿಕೆಯಂತೆ ಕೈಮುಗಿದದ್ದುಂಟು, ಮುಗಿದು ಊಟಕ್ಕೆ ಕೂತದ್ದುಂಟು. ಅಪ್ಪ ಕೇಳದೆ ಹೋದ. ತಾನೂ ಅವಳ ಕೈಯಿಂದ ಬಡಿಸಿಕೊಂಡು ಉಂಡವನೇ.

ಅವನು ಎದ್ದು, ಕತ್ತಿಯ ಮಣೆಯನ್ನು ಸುತ್ತಿಕೊಂಡು ಹೋಗಿ, ಅಕ್ಕನೆದುರು ನೆಲಕ್ಕೆ ಕೂತ. ತುದಿಯಿಲ್ಲದ ಬೆರಳಿನ ಕೈಯನ್ನು ಇನ್ನೊಂದಕ್ಕೆ ಜೋಡಿಸಿದ. "ಅಕ್ಕಾ, ಅಪ್ಪಂದು, ನಂದು, ಈ ಮನೀದು, ಎಲ್ಲಾರದೂ ಕೂಡಿ ಕೇಳತೇನಿ. ಕ್ಷಮಾ ಮಾಡು."

ಆ ದಿನ ಕ್ಷಮೆ ಕೇಳಿದವರಿಗೆ ಇಲ್ಲ ಅನ್ನುವ ಪದ್ಧತಿ ಜೈನರಲ್ಲಿ ಇಲ್ಲ. ಕೂಸುಗಳಿಗೆಲ್ಲಾ ಅದನ್ನು ಕಲಿಸಿದವಳು ಸಾವಕ್ಕ. ಅವಳು ತಮ್ಮನ ಮುಗಿದ ಕೈಯನ್ನು ನೋಡಿದಳು, ಅವನ ನರೆತ ತಲೆಯನ್ನು ನೋಡಿದಳು. ಮೊಣಕಾಲಿಗೆ ಕೈಯೂರಿ ಎದ್ದು, ತಂಬಿಗೆ ಎತ್ತಿಕೊಂಡಳು.

"ಇವತ್ತ ಆಗೂದಿಲ್ಲೋ ತವನ್ಯಾ," ಎಂದಳು. "ನಾಳಿ ಬಾ."

ಬಾಳಿನಲ್ಲಿ ಅವಳು ಇನ್ನೊಬ್ಬರಿಗೆ ಆಗುವುದಿಲ್ಲ ಎಂದದ್ದು ಅದೇ ಮೊದಲು. ತವನಪ್ಪ ಮರುದಿನ ಬೆಳಿಗ್ಗೆ ಬಸದಿಯ ಪಕ್ಕದ ಮನೆಗೆ ಹೋದ. ಅದರ ಮರುದಿನವೂ ಹೋದ.